ಅಂಗಳದ ಅಂಚೆ: ಕೂತು ಆಡುವ ವಾಲಿಬಾಲ್

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮ ಭಾನುವಾರದ ಆಟದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಾಸನದ ಒಂದು ಛತ್ರದ ಊಟದ ಹಾಲ್‌ನಲ್ಲಿ ನಾವು ಹದಿನಾಲ್ಕು ಜನ ನೆಲದ ಮೇಲೆ ಕೂತು ಅಂಗವಿಕಲರ ವಾಲಿಬಾಲ್ ಆಡುತ್ತೇವೆ, ಆಷಾಢದಲ್ಲಿ ಮದುವೆ ಇಲ್ಲದ್ದರಿಂದ ಛತ್ರ ಸುಲಭಕ್ಕೆ ಸಿಗುತ್ತದೆ, ಅಷ್ಟೇ ಬರೆದದ್ದು. ಕ್ರಿಕೆಟ್ ಬಗ್ಗೆ ಎರಡು ಪುಟ ಬರೆದಾಗ ಬಾರದಷ್ಟು ಪತ್ರ ಈ ನಾಲ್ಕು ಸಾಲಿಗೆ ಬಂದಿವೆ. ಹಾಗಾಗಿ ಈ ಸಲ ಬೇರೆ ಆಟಕ್ಕೆ ರಜೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರು. ಯಾರದ್ದೂ ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಅಣ್ಣಾ, ನಾನು ನಮ್ಮೂರ ಟೀಮಿನ ಅಟ್ಯಾಕರ್. ಎರಡು ವರ್ಷದ ಹಿಂದೆ ಬೈಕ್ ಅಪಘಾತದಲ್ಲಿ ಎಡಗಾಲು ಮಂಡಿ ಕೆಳಗೆ ಹೋಯಿತು. ಈಗ ಕೃತಕ ಕಾಲು ಹಾಕಿದ್ದೇನೆ, ಗದ್ದೆ ಬದುವಿನ ಮೇಲೂ ನಡೆಯುತ್ತೇನೆ. ನಿಂತು ಆಡುವ ಅಂಗವಿಕಲರ ವಾಲಿಬಾಲ್ ಕೂಡ ಇದೆಯಂತೆ, ನಿಜವೇ? ಕೂತು ಆಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಸೋತ ಹಾಗೆ ಅನ್ನಿಸುತ್ತದೆ.
— ಮೂಡಿಗೆರೆ ತಾಲ್ಲೂಕು

ತಮ್ಮಾ, ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಊರು, ಕಾಲು, ಆಟದಲ್ಲಿ ನಿಂತಿದ್ದ ಜಾಗ, ಮೂರೂ ನನ್ನವೇ. 1998ರ ಏಪ್ರಿಲ್. ನಿಮ್ಮ ಕಡೆಯೇ ಒಂದು ಹೊನಲು ಬೆಳಕಿನ ಪಂದ್ಯಾವಳಿ ಮುಗಿಸಿ ರಾತ್ರಿ ಎರಡು ಗಂಟೆಗೆ ಸ್ನೇಹಿತನ ಬೈಕ್ ಹಿಂದೆ ಕೂತು ಬರುತ್ತಿದ್ದೆ. ತಿರುವಿನಲ್ಲಿ ಮರದ ಲಾರಿ. ಎರಡನೇ ಬಹುಮಾನದ ಟ್ರೋಫಿ ನನ್ನ ತೊಡೆ ಮೇಲಿತ್ತು. ಅದಕ್ಕೆ ಒಂದು ಗೀರೂ ಬೀಳಲಿಲ್ಲ. ಇವತ್ತಿಗೂ ನಮ್ಮನೆ ಟಿ.ವಿ. ಮೇಲಿದೆ, ನೋಡಿದರೆ ಸಿಟ್ಟು ಬರುತ್ತದೆ.

ನೀನು ಕೇಳಿದ್ದು ನಿಜ. ನಿಂತು ಆಡುವ ಆಟ ಇದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದೂ ಅದೇ, 1976ರಲ್ಲಿ ಟೊರಾಂಟೊದಲ್ಲಿ. ನಾವು ಆಡುತ್ತಿದ್ದ ಅದೇ 18 ಮೀಟರ್ ಉದ್ದ, 9 ಮೀಟರ್ ಅಗಲದ ಅಂಕಣ, ಅದೇ ಆರು ಜನ. ಕೈ ಇಲ್ಲದವರು, ಕೃತಕ ಕಾಲಿನವರು, ಪೋಲಿಯೋ ಆದವರು ಸೇರಿ ಆಡುತ್ತಾರೆ. ಯಾರಿಗೆ ಎಷ್ಟು ತೊಂದರೆ ಅಂತ ನೋಡಿ ಮೂರು ಗುಂಪು ಮಾಡಿ, ಎಲ್ಲ ಗುಂಪಿನವರಿಗೂ ಅಂಕಣದಲ್ಲಿ ಜಾಗ ಸಿಗುವ ಹಾಗೆ ತಂಡ ಕಟ್ಟಬೇಕು. ಆದರೆ 2000ದ ಸಿಡ್ನಿಯೇ ಅದರ ಕೊನೆಯ ಪ್ಯಾರಾಲಿಂಪಿಕ್ಸ್. 2004ರ ಅಥೆನ್ಸ್‌ನಿಂದ ಅಲ್ಲಿ ಕೂತು ಆಡುವುದು ಮಾತ್ರ. ನನ್ನ ಗ್ರಹಚಾರ ನೋಡು, ನಾನು ಕೃತಕ ಕಾಲಲ್ಲಿ ನೆಟ್ಟಗೆ ನಿಂತು ಒಂದು ಸರ್ವಿಸ್ ಹಾಕಲು ಕಲಿಯುವ ಹೊತ್ತಿಗೆ ಆ ಆಟವೇ ಗಂಟು ಮೂಟೆ ಕಟ್ಟಿತ್ತು. ಪೂರ್ತಿ ಸತ್ತಿಲ್ಲ. ಈಗ ಮರಳಿನ ಮೇಲೆ ಮೂರು ಮೂರು ಜನ ನಿಂತು ಆಡುವ ಬೀಚ್ ವಾಲಿಬಾಲ್ ಆಗಿ ಉಳಿದುಕೊಂಡಿದೆ. ಅಂಗವಿಕಲರ ವಾಲಿಬಾಲ್ ನೋಡಿಕೊಳ್ಳುವ ವರ್ಲ್ಡ್ ಪ್ಯಾರಾವಾಲಿ ಸಂಸ್ಥೆಯೇ ಅದನ್ನೂ ನಡೆಸುತ್ತದೆ.

ಊರ ಹುಡುಗರ ಜೊತೆ ನಿಂತು ಆಡು, ಯಾರು ಬೇಡ ಅಂದರು? ಒಂದು ಮಾತು ಮಾತ್ರ ನೆನಪಿಡು. ಗದ್ದೆ ಬದುವಿನ ಮೇಲೆ ನಡೆಯುವ ಕಾಲೇ ಬೇರೆ, ನೆಟ್ ಹತ್ತಿರ ಹಾರಿ ಇಳಿಯುವ ಕಾಲೇ ಬೇರೆ. ಜೈಪುರ ಕಾಲು ಮಾಡಿದವರು ನಮ್ಮ ದೇಶದ ಜನ ಬರಿಗಾಲಲ್ಲಿ ನಡೀತಾರೆ, ಕುಕ್ಕರಗಾಲಲ್ಲಿ ಕೂರ್ತಾರೆ ಅಂತ ಯೋಚಿಸಿ ಮಾಡಿದರು. ಸ್ಮ್ಯಾಶ್ ಹೊಡೆಯಲು ಅಂತ ಮಾಡಿದ್ದಲ್ಲ. ಪ್ರತಿ ಸಲ ಇಳಿದಾಗಲೂ ಮೈಭಾರವೆಲ್ಲ ಮೋಟುಗಾಲಿನ ಚರ್ಮದ ಮೇಲೆ ಬೀಳುತ್ತದೆ. ನಾನು ಹಟಕ್ಕೆ ಬಿದ್ದು ಒಂದು ಬೇಸಿಗೆ ಪೂರ್ತಿ ಆಡಿದೆ. ಹುಣ್ಣಾಗಿ, ಕೀವಾಗಿ, ಎರಡು ತಿಂಗಳು ಕಾಲನ್ನು ಗೋಡೆಗೆ ಒರಗಿಸಿಟ್ಟು ಹಾಸಿಗೆ ಹಿಡಿದಿದ್ದೆ. ಆಡಿದ ಮೇಲೆ ಕಾಲು ಬಿಚ್ಚಿ ಚರ್ಮ ನೋಡಿಕೋ. ಕೆಂಪಗಾದದ್ದು ಹಾಗೇ ಇದ್ದರೆ ಆಟ ನಿಲ್ಲಿಸಿ, ಕಾಲು ಮಾಡಿಕೊಟ್ಟವರ ಹತ್ತಿರ ಹೋಗು.

ಇನ್ನು ಸೋತ ಹಾಗೆ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ನನಗೂ ಹಾಗೇ ಇತ್ತು. ಎಂಟು ವರ್ಷ ಕೂರಲಿಲ್ಲ. ಕೊನೆಗೆ ಬೆಂಗಳೂರಲ್ಲಿ ಒಂದು ಶಿಬಿರಕ್ಕೆ, ಊಟ ವಸತಿ ಫ್ರೀ ಅಂತ, ಸ್ನೇಹಿತ ಎಳೆದುಕೊಂಡು ಹೋದ. ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗ ಇತ್ತು. ಚಪ್ಪಲಿ ಪಕ್ಕದಲ್ಲೇ ಗೋಡೆಗೆ ಒರಗಿಸಿ ಏಳೋ ಎಂಟೋ ಕಾಲುಗಳು. ಕೆಲವಕ್ಕೆ ಶೂ, ಕೆಲವಕ್ಕೆ ಹವಾಯಿ ಚಪ್ಪಲಿ, ಒಂದಕ್ಕೆ ಗೆಜ್ಜೆ. ನಾನು ಅಲ್ಲಿಯವರೆಗೆ ಹೆಂಡತಿ ಮುಂದೆ ಕೂಡ ದೀಪ ಆರಿಸಿಯೇ ಕಾಲು ಬಿಚ್ಚುತ್ತಿದ್ದವನು. ಆ ಸಾಲಿನ ಕೊನೆಯಲ್ಲಿ ನನ್ನದನ್ನೂ ಇಟ್ಟೆ.

ಅಂಕಣಕ್ಕೆ ಕೂತೆ. ಎದುರಿಗೆ ಒಬ್ಬ ಹುಡುಗ, ಎರಡೂ ಕಾಲು ಪೋಲಿಯೋದಿಂದ ಬತ್ತಿ ಅಗರಬತ್ತಿ ಹಾಗಿದ್ದವು. ಇವನೇನು ಹೊಡೀತಾನೆ ಅಂದುಕೊಂಡೆ. ಬಾಲ್ ಬಂತು. ಹಳೇ ಅಭ್ಯಾಸಬಲ, ಎರಡೂ ಕೈ ಜೋಡಿಸಿ ಕಾದೆ. ಬಾಲ್ ನನ್ನ ಬಲಕ್ಕೆ ಒಂದು ಮೊಳ ದೂರದಲ್ಲಿ ಬಿತ್ತು. ಒಂದೇ ಮೊಳ! ನಿಂತಿದ್ದರೆ ಒಂದು ಹೆಜ್ಜೆ ಸಾಕಿತ್ತು. ಕೂತಾಗ ಆ ಹೆಜ್ಜೆಯನ್ನೂ ಕೈಯೇ ಇಡಬೇಕು. ಅಂಗೈ ನೆಲಕ್ಕೆ ಊರಿ, ಮೈ ತಳ್ಳಿ, ಅದೇ ಕೈ ತಿರುಗಿ ಮೇಲೆ ಬಂದು ಬಾಲ್ ಎತ್ತಬೇಕು, ಕಣ್ಣು ಮಿಟುಕಿಸುವುದರೊಳಗೆ. ಅವತ್ತು ಆ ಹುಡುಗ ಹದಿನೈದು ಬಾಲ್ ಹಾಕಿದ. ನಾನು ಮುಟ್ಟಿದ್ದು ಮೂರು, ಅದರಲ್ಲಿ ಒಂದು ಮೂಗಿನಿಂದ.

ಸೋತ ಹಾಗೆ ಅಲ್ಲ ತಮ್ಮಾ, ನಿಜವಾಗಿ ಸೋತೆ. ಹದಿನೆಂಟು ವರ್ಷದವನ ಕೈಲಿ ಸೋತೆ. ಎಂಟು ವರ್ಷದಲ್ಲಿ ಮೊದಲ ಸಲ ಯಾರೂ ನನ್ನನ್ನು ನೋಡಿ ಅಯ್ಯೋ ಪಾಪ ಅನ್ನಲಿಲ್ಲ. "ಎಷ್ಟು ನಿಧಾನ ಅಣ್ಣಾ ನೀವು" ಅಂದ. ಒಂದು ಭಾನುವಾರ ಬಂದು ಕೂತು ನೋಡು. ಆಮೇಲೂ ಬೇಡ ಅನ್ನಿಸಿದರೆ ನಾನೇ ಬಸ್ ಚಾರ್ಜ್ ಕೊಟ್ಟು ಕಳಿಸುತ್ತೇನೆ.

ಕೂತೇ ಆಡುವುದಾದರೆ ಎತ್ತರದವರಿಗೆ ಏನು ಲಾಭ? ಇರಾನ್ ತಂಡದಲ್ಲಿ ಎಂಟಡಿ ಮನುಷ್ಯ ಇದ್ದಾನೆ ಅಂತ ಮಗ ಮೊಬೈಲ್‌ನಲ್ಲಿ ತೋರಿಸಿದ. ನಂಬುವುದೇ?
— ಕಡೂರು

ನಂಬಿ. ಮೊರ್ತೆಜಾ ಮೆಹ್ರಜಾದ್, 2 ಮೀಟರ್ 46 ಸೆಂಟಿಮೀಟರ್. ಹದಿಹರೆಯದಲ್ಲಿ ಸೈಕಲ್‌ನಿಂದ ಬಿದ್ದು ಸೊಂಟದ ಮೂಳೆ ಮುರಿದು ಒಂದು ಕಾಲು ಬೆಳೆಯುವುದು ನಿಂತಿತು, ಮೈ ಮಾತ್ರ ಬೆಳೆಯುತ್ತಾ ಹೋಯಿತು. ಗಂಡಸರ ನೆಟ್ ಎತ್ತರ 1.15 ಮೀಟರ್. ಆತ ಕೂತಲ್ಲೇ ಕೈ ಎತ್ತಿದರೆ ಅಂಗೈ ನೆಟ್‌ಗಿಂತ ಎಷ್ಟೋ ಮೇಲೆ ಇರುತ್ತದೆ. 2016ರ ರಿಯೊ, ಆಮೇಲೆ ಟೋಕಿಯೊ, 2024ರ ಪ್ಯಾರಿಸ್, ಮೂರರಲ್ಲೂ ಚಿನ್ನ. ಆದರೆ ಒಬ್ಬ ಎತ್ತರದವನಿಂದ ಇರಾನ್ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಆತ ಬರುವ ಎಷ್ಟೋ ಮೊದಲು, 1988ರಿಂದಲೇ, ಅವರು ಚಿನ್ನ ಬಾಚುತ್ತಿದ್ದರು. ಮಧ್ಯೆ 2004 ಮತ್ತು 2012ರಲ್ಲಿ ಕಸಿದುಕೊಂಡದ್ದು ಬೋಸ್ನಿಯಾ. ಯುದ್ಧದಲ್ಲಿ, ನೆಲಬಾಂಬ್‌ಗಳಲ್ಲಿ ಕಾಲು ಕಳಕೊಂಡವರು ಕಟ್ಟಿದ ತಂಡ ಅದು. ನಮ್ಮ ಟೀಮಿನಲ್ಲಿ ಚೆನ್ನಾಗಿ ಬ್ಲಾಕ್ ಮಾಡುವವನು ಐದಡಿ ಎರಡಿಂಚು. ಕುತ್ತಿಗೆ ಜಾಸ್ತಿ ಉದ್ದ, ಅಷ್ಟೇ.

ಸಾರ್, ನನ್ನ ಮಗಳಿಗೆ 14 ವರ್ಷ. ಹುಟ್ಟಿನಿಂದ ಒಂದು ಕಾಲು ಗಿಡ್ಡ. ಪಿ.ಟಿ. ಪೀರಿಯಡ್‌ನಲ್ಲಿ ಅವಳನ್ನು ಮರದ ಕೆಳಗೆ ಕೂರಿಸಿ ಬೇರೆ ಮಕ್ಕಳ ವಾಚು, ಸರ ನೋಡಿಕೋ ಅಂತಾರಂತೆ. ನಿಮ್ಮ ಬರಹ ಓದಿ ಅವಳು ಕುಣಿಯುತ್ತಿದ್ದಾಳೆ. ನನಗೆ ಮಾತ್ರ ಭಯ. ಬೆಳೆದ ಹುಡುಗಿ, ನಾಲ್ಕು ಜನರ ಎದುರು ನೆಲದ ಮೇಲೆ ತೆವಳುವುದು ಚೆನ್ನಾಗಿರುತ್ತಾ? ನಾಳೆ ಮದುವೆಗೆ ಬಂದವರು ಏನಂತಾರೆ?
— ಆಲೂರು ತಾಲ್ಲೂಕು

ಅಮ್ಮಾ, ಮೊದಲು ಬಟ್ಟೆ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ತಾಯಂದಿರ ಮನಸ್ಸಲ್ಲಿ ಇರುವುದು ಅದೇ. ಉದ್ದ ಟ್ರ್ಯಾಕ್ ಪ್ಯಾಂಟ್ ಹಾಕಿಯೇ ಆಡಬಹುದು, ನಿಯಮದಲ್ಲೇ ಅವಕಾಶ ಇದೆ. ಮೇಲೆ ಉದ್ದ ಟಿ-ಶರ್ಟ್. ನಮ್ಮಲ್ಲಿ ಬರುವ ನಾಲ್ಕು ಹೆಣ್ಣುಮಕ್ಕಳೂ ಹಾಗೇ ಆಡುತ್ತಾರೆ. ಒಳಗೆ ದಪ್ಪ ಸ್ಪಂಜು ಗಿಂಜು ಇಟ್ಟು ಹೊಲಿಸಬೇಡಿ. ಪಂದ್ಯದಲ್ಲಿ ಅದಕ್ಕೆ ಒಪ್ಪುವುದಿಲ್ಲ, ಕೂತ ಎತ್ತರ ಜಾಸ್ತಿ ಆಗುತ್ತದಲ್ವಾ.

ತೆವಳುವುದು ಅಂದಿರಿ. ನೀವು ಒಂದು ಸಲ ನೋಡಬೇಕು. ನೆಲಕ್ಕೆ ಅಂಗೈ ಊರಿ ಹಿಂದಕ್ಕೆ, ಪಕ್ಕಕ್ಕೆ ಸರಕ್ ಅಂತ ಜಾರುತ್ತಾರೆ. ರೊಟ್ಟಿ ಹಂಚಿನ ಮೇಲೆ ಬೆಣ್ಣೆ ಜಾರಿದ ಹಾಗೆ. ನಿಮ್ಮ ಮಗಳಿಗೆ ಒಂದು ಅನುಕೂಲವೂ ಇದೆ. ನಡೆಯುವಾಗ ಕುಂಟು ಎದ್ದು ಕಾಣುತ್ತದೆ. ಕೂತಾಗ ಯಾರ ಕಾಲು ಗಿಡ್ಡ, ಯಾರದ್ದು ಉದ್ದ ಅಂತ ಯಾರಿಗೂ ಬೇಕಾಗಿಲ್ಲ, ಎಲ್ಲರ ಕಣ್ಣೂ ಬಾಲ್ ಮೇಲೆ. ಹೆಂಗಸರ ಆಟ ಪ್ಯಾರಾಲಿಂಪಿಕ್ಸ್‌ಗೆ ಬಂದದ್ದು ತಡವಾಗಿ, 2004ರಲ್ಲಿ. ಮೊದಲ ಮೂರು ಸಲ ಚೀನಾ ಗೆದ್ದಿತು, ಆಮೇಲಿನ ಮೂರು ಸಲ ಅಮೆರಿಕ. ಅವರ ನೆಟ್ 1.05 ಮೀಟರ್.

ಮದುವೆ ಮಾತಿಗೆ ನಾನು ಉತ್ತರ ಕೊಡುವಷ್ಟು ದೊಡ್ಡವನಲ್ಲ. ನಮ್ಮಲ್ಲಿ ಬರುವ ಒಬ್ಬ ಹುಡುಗಿಯ ಅಮ್ಮನೂ ಇದನ್ನೇ ಕೇಳಿದ್ದರು. ಮೊದಲ ದಿನ ಬಾಗಿಲ ಹೊರಗೆ ನಿಂತಿದ್ದರು. ಎರಡನೇ ವಾರ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಈಗ ಅವರೇ ಸ್ಕೋರ್ ಬರೆಯುತ್ತಾರೆ, ಮಗಳ ಟೀಮಿಗೆ ಆಗಾಗ ಒಂದು ಪಾಯಿಂಟ್ ಜಾಸ್ತಿ ಬರೆಯುತ್ತಾರೆ ಅನ್ನುವ ದೂರು ಕೂಡ ಇದೆ.

ಶಾಲೆಯ ವಿಷಯ. ಬೈಯಲು ಹೋಗಬೇಡಿ, ಆದರೆ ಬಿಡಲೂ ಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟವನ್ನೂ ಹಕ್ಕು ಅಂತಲೇ ಹೇಳುತ್ತದೆ. ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರ ಕೈಗೆ ಕೊಡಿ, ನಕಲಿಗೆ ಸೀಲ್ ಹಾಕಿಸಿಕೊಳ್ಳಿ. ವಾಚು ಕಾಯುವುದು ಪಿ.ಟಿ. ಅಲ್ಲ ಅಂತ ಅಷ್ಟೇ ಬರೆದರೂ ಸಾಕು. ಒಂದು ಹೆಸರನ್ನೂ ಅವರಿಗೆ ನೆನಪಿಸಿ. ನಮ್ಮದೇ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್, ಕಾಲಿನ ತೊಂದರೆ ಇಟ್ಟುಕೊಂಡೇ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ತಂದರು. ಆ ಸಲ ಇಡೀ ದೇಶಕ್ಕೆ ಬಂದದ್ದು ಅದೊಂದೇ ಪದಕ. ಅವರನ್ನೂ ಯಾರಾದರೂ ಮರದ ಕೆಳಗೆ ಕೂರಿಸಿಬಿಟ್ಟಿದ್ದರೆ?

ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಕ. ನಮ್ಮಲ್ಲಿ ಮೂರು ಮಕ್ಕಳಿದ್ದಾರೆ. ಅಂಕಣ ಮಾಡಲು ಅನುದಾನ ಇಲ್ಲ, ಒಳಾಂಗಣ ಇಲ್ಲ. ಅಳತೆ ಮತ್ತು ಕಡಿಮೆ ಖರ್ಚಿನ ದಾರಿ ತಿಳಿಸಿ.
— ಅರಸೀಕೆರೆ

ಮೇಷ್ಟ್ರೇ, ನಿಮ್ಮಂಥವರು ಒಬ್ಬರು ಬರೆದರೆ ಹತ್ತು ಪತ್ರದಷ್ಟು ಖುಷಿ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನಡುಗೆರೆಯಿಂದ ಎರಡು ಮೀಟರ್‌ಗೆ ಅಟ್ಯಾಕ್ ಗೆರೆ. ನೆಟ್ ಅಗಲ 80 ಸೆಂಟಿಮೀಟರ್. ಈಗ ಒಂದು ಗುಟ್ಟು ಹೇಳುತ್ತೇನೆ. ನಿಮ್ಮಲ್ಲಿ ಶಟಲ್ ಕೋರ್ಟ್ ಇರುತ್ತದೆ ಅಲ್ವಾ? ಡಬಲ್ಸ್ ಕೋರ್ಟಿನ ಅಗಲ 6.1 ಮೀಟರ್. ಹತ್ತು ಸೆಂಟಿಮೀಟರ್ ಅಷ್ಟೇ ಜಾಸ್ತಿ. ಉದ್ದ 13.4, ಅದರಲ್ಲಿ ನೆಟ್‌ನಿಂದ ಆಚೆ ಈಚೆ ಐದೈದು ಮೀಟರ್ ಅಳೆದು ಒಂದು ಬಣ್ಣದ ಟೇಪ್ ಅಂಟಿಸಿ. ಅದೇ ಕಂಬಕ್ಕೆ ಅದೇ ನೆಟ್ಟನ್ನು ಕೆಳಗೆ ಇಳಿಸಿ ಕಟ್ಟಿ. ಮಕ್ಕಳಿಗೆ 1.05 ಸಾಕು. ಶಟಲ್ ನೆಟ್ ನಮ್ಮ ನೆಟ್‌ಗಿಂತ ನಾಲ್ಕು ಸೆಂಟಿಮೀಟರ್ ಕಡಿಮೆ ಅಗಲ, ಸ್ವಲ್ಪ ನಾಜೂಕು. ಒಂದು ವರ್ಷ ಬಂದರೆ ಪುಣ್ಯ. ಖರ್ಚು ಅಂದರೆ ಟೇಪಿನದ್ದು.

ನೆಲ ಮಾತ್ರ ನಯವಾಗಿರಬೇಕು. ಮಣ್ಣಲ್ಲಿ ಆಡಿಸಬೇಡಿ, ಮೈ ಜಾರುವುದಿಲ್ಲ, ಚರ್ಮ ಕಿತ್ತು ಬರುತ್ತದೆ. ಅರಸೀಕೆರೆಯಲ್ಲಿ ಕಾಫಿ ಕಣ ಇಲ್ಲ, ಆದರೆ ಇದನ್ನು ಓದುವ ಮಲೆನಾಡಿನವರಿಗೆ ಹೇಳುತ್ತೇನೆ. ಚಳಿಗಾಲದಲ್ಲಿ ಕಾಫಿ ಹರಡಿದ ಸಿಮೆಂಟ್ ಕಣ ಬೇಸಿಗೆಗೆ ಖಾಲಿ ಬಿದ್ದಿರುತ್ತದೆ. ನಾವು ಸಕಲೇಶಪುರದ ಹತ್ತಿರ ಒಂದು ತೋಟದ ಕಣದಲ್ಲಿ ಎರಡು ಬೇಸಿಗೆ ಆಡಿದ್ದೇವೆ. ಮೊದಲು ನೀರು ಹಾಕಿ ತೊಳೆದು, ಆಮೇಲೆ ಒಬ್ಬರು ಬರಿಗೈ ಆಡಿಸಿ ಕಲ್ಲಿನ ಹರಳು ಆಯಬೇಕು. ಬೆಳಗ್ಗೆ ಎಂಟರೊಳಗೆ ಮುಗಿಸಬೇಕು, ಹತ್ತು ಗಂಟೆಗೆ ಆ ಸಿಮೆಂಟಿನ ಮೇಲೆ ದೋಸೆ ಹುಯ್ಯಬಹುದು. ಇನ್ನೊಂದು, ಮಳೆ ನೀರು ಹರಿಯಲಿ ಅಂತ ಕಣಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಕೆಳಗಿನ ಕಡೆ ಕೂತ ಟೀಮಿಗೆ ಹಿಂದೆ ಹೋಗುವುದು ಸಲೀಸು, ಮುಂದೆ ಬರುವುದು ಕಷ್ಟ. ಪ್ರತಿ ಸೆಟ್‌ಗೆ ಕಡೆ ಬದಲಾಯಿಸುವ ನಿಯಮದ ಬೆಲೆ ನನಗೆ ಗೊತ್ತಾದದ್ದು ಅಲ್ಲೇ.

ಬಾಲ್ ಮಾಮೂಲಿ ವಾಲಿಬಾಲೇ, 260ರಿಂದ 280 ಗ್ರಾಂ. ಮೊದಲ ತಿಂಗಳು ಗಾಳಿ ಸ್ವಲ್ಪ ಕಡಿಮೆ ಮಾಡಿ ಕೊಡಿ. ಮೊದಲ ವಾರ ಬಾಲೇ ಕೊಡಬೇಡಿ. ಕೂತು ಜಾರುವುದು ಮಾತ್ರ, ಹಿಂದೆ, ಮುಂದೆ, ಅಡ್ಡ. ಮಕ್ಕಳು ಬೇಜಾರು ಮಾಡಿಕೊಂಡರೆ ಕೂತೇ ಮುಟ್ಟಾಟ ಆಡಿಸಿ, ತಾವಾಗಿ ಕಲಿಯುತ್ತಾರೆ. ಮೂರೇ ಮಕ್ಕಳು ಅಂದಿರಿ. ಉಳಿದ ಒಂಬತ್ತು ಜನರನ್ನು ಅವರ ಕ್ಲಾಸಿನಿಂದಲೇ ಕೂರಿಸಿ. ಇದರ ಬಗ್ಗೆ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ.

ಕೈಕಾಲು ಸರಿ ಇರುವವರು ಕೂತು ಆಡಿದರೆ ಅಂಗವಿಕಲರನ್ನು ಅಣಕಿಸಿದ ಹಾಗೆ ಆಗುವುದಿಲ್ಲವೇ? ನಮ್ಮ ಕಾಲೇಜಿನಲ್ಲಿ ಈ ಬಗ್ಗೆ ಚರ್ಚೆ ಆಯಿತು.
— ಹಾಸನ

ಚರ್ಚೆ ಬಿಟ್ಟು ಆಡಬೇಕಿತ್ತು. ಹೋದ ವರ್ಷ ಒಂದು ಕಾಲೇಜು ಟೀಮ್, ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದ ಹುಡುಗರು, ನಮ್ಮ ಜೊತೆ "ಸ್ನೇಹಕ್ಕೆ" ಆಡಲು ಬಂದರು. ಬಿಟ್ಟುಕೊಡೋಣ, ಪಾಪ ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮೊದಲ ಸೆಟ್ 25–6. ಆ ಆರರಲ್ಲಿ ನಾಲ್ಕು ನಮ್ಮ ಸರ್ವಿಸ್ ತಪ್ಪು. ಅವರ ಕಾಲುಗಳೇ ಅವರಿಗೆ ಅಡ್ಡಿ. ಎಲ್ಲಿಡಬೇಕು ಅಂತ ಗೊತ್ತಾಗದೆ ಒಬ್ಬರ ಮೇಲೊಬ್ಬರು ಎಡವುತ್ತಿದ್ದರು. ನನ್ನ ಅರ್ಧ ಕಾಲು ಯಾರಿಗೂ ಅಡ್ಡ ಬರುವುದಿಲ್ಲ ನೋಡಿ. ಮೂರನೇ ಸೆಟ್‌ಗೆ ಪಾಪ ಅನ್ನುವುದು ಬಿಟ್ಟು ಅಂಪೈರ್ ಜೊತೆ ಜಗಳಕ್ಕೆ ನಿಂತರು. ಅವತ್ತು ನನಗೆ ನಿಜವಾಗಿ ಸಂತೋಷವಾಯಿತು.

ಅಣಕ ಅನ್ನುವುದು ಕೂತದ್ದರಲ್ಲಿ ಇಲ್ಲ, ಕೂತವನ ಮುಖದಲ್ಲಿ ಇರುತ್ತದೆ. ಹಲ್ಲು ಕಿಸಿಯುತ್ತಾ ಕೂತರೆ ಅಣಕ. ಬೆವರು ಸುರಿಸಿ ಕೂತರೆ ಆಟ. ದೊಡ್ಡ ಪಂದ್ಯಗಳಿಗೆ ಅರ್ಹತೆ ಬೇರೆ, ಅದು ಸರಿ. ಅಭ್ಯಾಸಕ್ಕೆ, ಊರ ಆಟಕ್ಕೆ ಎಲ್ಲರೂ ಬೇಕು. ಇಲ್ಲದಿದ್ದರೆ ಒಂದು ಹೋಬಳಿಯಲ್ಲಿ ಹನ್ನೆರಡು ಜನ ಎಲ್ಲಿಂದ ತರುತ್ತೀರಿ?

ನನ್ನ ಯುಡಿಐಡಿ ಕಾರ್ಡ್‌ನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಅಂಗವೈಕಲ್ಯ ಶೇ. 45 ಅಂತ ಇದೆ. ತಮ್ಮನಿಗೆ ಕಿವಿ ಕೇಳುವುದಿಲ್ಲ, ಶೇ. 70. ಇಬ್ಬರೂ ರಾಜ್ಯ, ದೇಶದ ಮಟ್ಟಕ್ಕೆ ಆಡಬಹುದೇ?
— ತರೀಕೆರೆ

ಕಾರ್ಡಿನ ಶೇಕಡಾ ಲೆಕ್ಕ ಬಸ್ ಪಾಸು, ಪಿಂಚಣಿ, ಮೀಸಲಾತಿಗೆ. ಅಲ್ಲಿ ಶೇ. 40 ಅನ್ನುವುದು ಗಡಿ. ಆಟದ ಲೆಕ್ಕವೇ ಬೇರೆ. ಅಲ್ಲಿ ವೈದ್ಯರು ಮತ್ತು ಆಟ ಬಲ್ಲವರು ಸೇರಿ ನಿಮ್ಮ ಕೈಕಾಲು ಪರೀಕ್ಷೆ ಮಾಡಿ, ನೀವು ಆಡುವುದನ್ನೂ ನೋಡಿ ವಿಎಸ್1 ಅಥವಾ ವಿಎಸ್2 ಅಂತ ಬರೆಯುತ್ತಾರೆ. ತೊಂದರೆ ಹೆಚ್ಚಿದ್ದರೆ ವಿಎಸ್1, ಕಡಿಮೆ ಇದ್ದರೆ ವಿಎಸ್2. ಅಂಕಣದಲ್ಲಿ ಒಂದು ಹೊತ್ತಿಗೆ ಒಬ್ಬನೇ ವಿಎಸ್2 ಇರಬಹುದು. ನಾವು ಒಂದು ಸಲ ಇದು ಗೊತ್ತಿಲ್ಲದೆ ಇಬ್ಬರು ಒಳ್ಳೆ ವಿಎಸ್2 ಹುಡುಗರನ್ನು ನಂಬಿ ಟೀಮ್ ಕಟ್ಟಿ, ಪಂದ್ಯದ ದಿನ ಒಬ್ಬನನ್ನು ಬೆಂಚಿನ ಮೇಲೆ ಕೂರಿಸಿ ಪೆಚ್ಚಾಗಿದ್ದೆವು. ನಿಮ್ಮ ತೊಂದರೆ ಕೈಯದ್ದೋ ಕಾಲಿನದ್ದೋ ಬರೆದಿಲ್ಲ. ಬೆರಳು ಹೋದವರಿಂದ ಹಿಡಿದು ಪಾರ್ಶ್ವವಾಯು ಆದವರವರೆಗೆ ಜಾಗ ಇದೆ, ಪರೀಕ್ಷೆಗೆ ಹೋಗಿ ಬನ್ನಿ.

ನಿಮ್ಮ ತಮ್ಮನ ದಾರಿ ಬೇರೆ, ಅಷ್ಟೇ ಚೆನ್ನಾದದ್ದು. ಕಿವಿ ಕೇಳದವರು ನಿಂತೇ ಆಡುತ್ತಾರೆ, ಅವರಿಗೆ ಡೆಫ್‌ಲಿಂಪಿಕ್ಸ್ ಇದೆ, ಅದರಲ್ಲಿ ವಾಲಿಬಾಲ್ ಇದೆ.

ನಮ್ಮೂರ ಪಂದ್ಯದಲ್ಲಿ ಎದುರಿನವನ ಕಾಲು ನೆಟ್ ಕೆಳಗೆ ನಮ್ಮ ಕಡೆ ಬಂದಿತ್ತು. ಫೌಲ್ ಅಂತ ನಾವು, ಅಲ್ಲ ಅಂತ ಅವರು. ಊಟದವರೆಗೂ ಜಗಳ. ಯಾರು ಸರಿ?
— ಬೇಲೂರು

ಅವರೇ ಸರಿ. ಕೂತಾಗ ಕಾಲು ಎಲ್ಲಿಡುವುದು ಹೇಳಿ. ಎದುರಿನವರ ಆಟಕ್ಕೆ ಅಡ್ಡಿ ಆಗದಿದ್ದರೆ ಕಾಲು ಆ ಕಡೆ ಹೋಗಬಹುದು. ಯಾರು ಎಲ್ಲಿದ್ದಾರೆ ಅನ್ನುವುದನ್ನು ಕಾಲಿನಿಂದ ಅಳೆಯುವುದಿಲ್ಲ, ಕೂತ ಜಾಗದಿಂದ ಅಳೆಯುತ್ತಾರೆ. ಸರ್ವಿಸ್ ಹಾಕುವಾಗಲೂ ಅಷ್ಟೇ, ಕುಂಡಿ ಗೆರೆಯ ಹಿಂದಿದ್ದರೆ ಸಾಕು, ಕಾಲು ಅಂಕಣದೊಳಗೆ ಚಾಚಿರಬಹುದು. (ಸಂಪಾದಕರು ಈ ಪದ ತೆಗೆದು "ಪೃಷ್ಠ" ಅಂತ ಹಾಕಿದರೆ ನಾನು ಜವಾಬ್ದಾರನಲ್ಲ. ನಮ್ಮ ಅಂಪೈರ್ ಆ ಪದ ಹೇಳಿದಾಗ ಒಂದು ನಿಮಿಷ ಯಾರಿಗೂ ಅರ್ಥವಾಗಿರಲಿಲ್ಲ.)

ನೀವು ಜಗಳ ಆಡಬೇಕಾದ ತಪ್ಪು ಬೇರೆ ಇದೆ. ಸ್ಮ್ಯಾಶ್, ಬ್ಲಾಕ್, ಸರ್ವಿಸ್ ಮಾಡುವಾಗ ಕುಂಡಿಯಿಂದ ಭುಜದವರೆಗೆ ಮೈಯ ಯಾವುದಾದರೂ ಭಾಗ ನೆಲ ಮುಟ್ಟಿಕೊಂಡಿರಲೇಬೇಕು. ಹುಮ್ಮಸ್ಸಿನಲ್ಲಿ ಎದ್ದು ಹೊಡೆದರೆ ಪಾಯಿಂಟ್ ಹೋಯಿತು. ಬಾಲ್ ಉಳಿಸಲು ಹಾರಿ ಬೀಳುವಾಗ ಒಂದು ಕ್ಷಣ ಬಿಟ್ಟರೆ ಮಾಫಿ ಇದೆ. ನಿಂತು ಆಡಿದವರು ಬೆಚ್ಚಿಬೀಳುವ ಇನ್ನೊಂದು ನಿಯಮ: ಎದುರಿನವರ ಸರ್ವಿಸನ್ನೇ ಮುಂದಿನ ಸಾಲಿನವರು ಬ್ಲಾಕ್ ಮಾಡಬಹುದು. ಸರ್ವಿಸ್ ಹಾಕಿದವನು ಕೈ ಇಳಿಸುವ ಮೊದಲೇ ಬಾಲ್ ಅವನ ತಲೆ ಮೇಲೆ. ಉಳಿದದ್ದೆಲ್ಲ ಮಾಮೂಲು, 25ರ ಸೆಟ್, ಐದನೆಯದು 15ಕ್ಕೆ. ಜಗಳದಲ್ಲಿ ಊಟ ತಣ್ಣಗಾಗಲು ಬಿಡಬೇಡಿ.

ಈ ಆಟವನ್ನು ನಮ್ಮ ದೇಶದವರೇ ಕಂಡುಹಿಡಿದದ್ದು, ಪಂಕ್ತಿ ಊಟ ಮಾಡುವ ನಮಗೆ ನೆಲದ ಮೇಲೆ ಕೂರುವುದು ಸಹಜ ಎಂದು ಒಬ್ಬರು ಭಾಷಣದಲ್ಲಿ ಹೇಳಿದರು. ನಿಜವೇ?
— ಚಿಕ್ಕಮಗಳೂರು

ಚಪ್ಪಾಳೆ ಬಿದ್ದಿರಬೇಕು. ಆಟ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ, 1956ರಲ್ಲಿ. ಜರ್ಮನಿಯಲ್ಲಿ ಕೂತು ಆಡುವ ಸಿಟ್ಸ್‌ಬಾಲ್ ಅನ್ನುವ ಆಟವನ್ನು ವಾಲಿಬಾಲ್ ಜೊತೆ ಬೆರೆಸಿದರು. 1980ರಲ್ಲಿ ಅದೇ ದೇಶದ ಆರ್ನೆಮ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಆಟವಾಯಿತು, ಚಿನ್ನ ಅವರೇ ಹೊಡೆದರು. ಕುರ್ಚಿ ಮೇಲೆ ಕೂತು ಊಟ ಮಾಡುವ ಜನ. ನಮ್ಮ ಪಂಕ್ತಿಯಲ್ಲಿ ಈಗ ಮಂಡಿ ನೋವಿಲ್ಲದೆ ಎಷ್ಟು ಜನ ಕೂರುತ್ತಾರೆ ಅಂತ ಆ ಭಾಷಣದವರನ್ನೇ ಕೇಳಿ.

ಹೆಮ್ಮೆ ಪಡಲು ಬೇರೆ ಇದೆಯಲ್ಲ. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್, ಐ.ಎ.ಎಸ್. ಕೆಲಸದ ಮಧ್ಯೆ ಬ್ಯಾಡ್ಮಿಂಟನ್ ಆಡಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದರು. ನಿಮ್ಮ ಭಾಷಣದವರಿಗೆ ಈ ಚೀಟಿ ಕೊಟ್ಟು ಕಳಿಸಿ.

ನನಗೆ 63. ಮೂರನೇ ವರ್ಷಕ್ಕೆ ಪೋಲಿಯೋ ಆಯಿತು. ಎರಡು ಕಂಕುಳಕೋಲು. ಜೀವನದಲ್ಲಿ ಒಂದು ಬಾಲನ್ನೂ ಮುಟ್ಟಿಲ್ಲ. ಅಂಗಡಿ ಮುಂದೆ ಹುಡುಗರು ಆಡುವುದನ್ನು ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಈ ವಯಸ್ಸಿಗೆ ಕೇಳುವುದೇ ತಪ್ಪೇನೋ.
— ಸಕಲೇಶಪುರ

ಯಜಮಾನ್ರೇ, ನಲವತ್ತು ವರ್ಷ ನೋಡಿದವರಿಗೆ ಬಾಲ್ ಎಲ್ಲಿ ಬೀಳುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅರವತ್ತು ವರ್ಷ ಕಂಕುಳಕೋಲು ಊರಿದ ಭುಜ ಬೇರೆ. ನಮ್ಮ ಹುಡುಗರು ಜಿಮ್‌ಗೆ ದುಡ್ಡು ಕೊಟ್ಟು ಅಂಥ ಭುಜ ಬರಿಸಿಕೊಳ್ಳಲು ಒದ್ದಾಡುತ್ತಾರೆ. ಬಿ.ಪಿ., ಸಕ್ಕರೆ ಇದ್ದರೆ ಡಾಕ್ಟರಿಗೆ ಒಂದು ಮಾತು ಕೇಳಿ ಬನ್ನಿ. ಕಾಲಿನ ಮೂಳೆ ಬಡಕಲಾಗಿರುತ್ತದೆ, ಮೊದಲು ಒಂದೆರಡು ವಾರ ನಿಮಗೆ ಮೆಲ್ಲಗೆ ಎಸೆಯಲು ನನ್ನನ್ನೇ ಎದುರಿಗೆ ಕೂರಿಸಿಕೊಳ್ಳಿ.

ಭಾನುವಾರ ಬೆಳಗ್ಗೆ ಏಳಕ್ಕೆ ಶುರು. ಛತ್ರಕ್ಕೆ ಮುಂದಿನ ಬಾಗಿಲಲ್ಲಿ ಒಂಬತ್ತು ಮೆಟ್ಟಿಲು, ಅಲ್ಲಿಂದ ಬರಬೇಡಿ. ಹಿಂದೆ ಅಡುಗೆ ಸಾಮಾನು ಇಳಿಸುವ ಇಳಿಜಾರು ಇದೆ, ನಾವೆಲ್ಲ ಅಲ್ಲಿಂದಲೇ ಬರುವುದು. ಒಂದು ಟವೆಲ್ ತನ್ನಿ, ಅಂಗೈ ಬೆವರುತ್ತದೆ. ಕೋಲು ಒರಗಿಸಲು ಕಾಲುಗಳ ಪಕ್ಕದಲ್ಲಿ ಜಾಗ ಬಿಟ್ಟಿರುತ್ತೇವೆ.